ಮ್ಯಾಟಿನಿಗೂ ಹಾಜರಿ

ನಮ್ಮ ಕಾಲದಲ್ಲಿ ಸಿನಿಮಾಕ್ಕೆ ಹೋದರೆ ಅಟೆಂಡೆನ್ಸ್ ಹೋಗುತ್ತಿತ್ತು. ಈಗ ಹೋಗದಿದ್ದರೆ ಹೋಗುತ್ತದಂತೆ. ನನ್ನ ತಮ್ಮನ ಮಗಳು ಹಲಸೂರಿನಲ್ಲಿ ಮೆಟ್ರೋ ಹತ್ತಿ, ಕೆ.ಆರ್. ಪುರಂನಲ್ಲಿ ಇಳಿದು, ಅಲ್ಲಿಂದಾಚೆ ಹಳೇ ಮದ್ರಾಸ್ ರಸ್ತೆಯ ಒಂದು ಕಾಲೇಜಿಗೆ ಹೋಗಿ ಸಿನಿಮಾ ಮಾಡುವುದನ್ನೇ ಡಿಗ್ರಿಗೆ ಓದುತ್ತಾಳೆ. ಸ್ಟಾರು, ಸೆಟ್ಟು, ಫೈಟ್ ಮಾಸ್ಟರು ಯಾರೂ ಇಲ್ಲದ ಸಣ್ಣ ದುಡ್ಡಿನ ಸಿನಿಮಾ; ಅವರ ಬಾಯಲ್ಲಿ ‘ಇಂಡೀ’. ಬೆಳಗಿನ ತಿಂಡಿ ಇನ್ನೂ ಗಂಟಲಲ್ಲಿರುವಾಗಲೇ ಕತ್ತಲು ಕೋಣೆಯಲ್ಲಿ ಕೂರಿಸಿ ಸಿನಿಮಾ ಹಾಕುತ್ತಾರೆ. ಮುಗಿದ ಮೇಲೆ ಹಾಜರಿ ಕೂಗುತ್ತಾರೆ. ಶೇಕಡಾ 75 ಆಗದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ.

ಇದನ್ನು ಕೇಳಿದಾಗ ನನಗಾದದ್ದು ಅಪ್ಪಟ ಹೊಟ್ಟೆಕಿಚ್ಚು. ನಾನು ದಂಡಿನ ಕಡೆಯ ಕಾಲೇಜಿನಲ್ಲಿ ಬಿ.ಕಾಂ. ಓದಿದವನು, ಅಂದರೆ ಪ್ಲಾಜಾ, ರೆಕ್ಸ್, ಗ್ಯಾಲಕ್ಸಿ ಟಾಕೀಸುಗಳಲ್ಲಿ ಓದಿದವನು. ಮನೆ ಪಕ್ಕದ ಲಿಡೋ ಅಪಾಯದ ಜಾಗ. ಇಂಟರ್‌ವಲ್‌ನಲ್ಲಿ ದೀಪ ಹತ್ತಿದರೆ ಪಕ್ಕದ ಬೀದಿಯ ಯಾರಾದರೂ ಒಬ್ಬರು ಇದ್ದೇ ಇರುತ್ತಿದ್ದರು. ಜೇಬು ತೀರಾ ಬರಿದಾದರೆ ಶಿವಾಜಿನಗರದ ಎಲ್ಗಿನ್, ಅಲ್ಲಿ ಹಳೇ ಹಿಂದಿ ಚಿತ್ರ. ಇಂಗ್ಲಿಷ್ ಚಿತ್ರದ ಮಾತು ನಮಗೆ ಎಲ್ಲಿ ಅರ್ಥವಾಗಬೇಕು? ಮುಂದೆ ಕೂತ ಆಂಗ್ಲೋ-ಇಂಡಿಯನ್ ಹುಡುಗರು ನಕ್ಕ ಅರೆಗಳಿಗೆಗೆ ನಾವೂ ನಗುತ್ತಿದ್ದೆವು. ಅವರು ಸುಮ್ಮನೆ ಕೆಮ್ಮಿದರೂ ನಕ್ಕದ್ದುಂಟು. ಈ ವಿದ್ಯೆಗೆ ಯಾವ ವಿಶ್ವವಿದ್ಯಾಲಯವೂ ಇಂಟರ್ನಲ್ ಮಾರ್ಕ್ಸ್ ಕೊಡಲಿಲ್ಲ.

ತಮ್ಮನ ಸಂಕಟ ಬೇರೆ. ಸಿನಿಮಾದವರಾಗಲಿ, ಬೇಡ ಅನ್ನುವುದಿಲ್ಲ. ಮೊದಲು ಮನೆಯವರ ಸಮಾಧಾನಕ್ಕೆ ಬೇರೊಂದು ಡಿಗ್ರಿ ಮುಗಿಸಿಕೊಳ್ಳಲಿ ಅನ್ನುವುದು ಅವನ ಸಿದ್ಧಾಂತ. ಅವನ ಬಳಿ ಸಾಕ್ಷಿಯೂ ಇದೆ. ಗಿರೀಶ ಕಾಸರವಳ್ಳಿಯವರು ಮಣಿಪಾಲದಲ್ಲಿ ಬಿ.ಫಾರ್ಮ ಮುಗಿಸಿಯೇ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದದ್ದು. 1977ರಲ್ಲಿ ‘ಘಟಶ್ರಾದ್ಧ’ ಆಗದೇ ಹೋಗಿದ್ದರೂ ಔಷಧಿ ಅಂಗಡಿ ಇಡಬಹುದಿತ್ತು ಎಂದು ಇವನ ಲೆಕ್ಕ. ಹುಂಜ ಕದ್ದ ಮುದುಕಿಯ ಜನಪದ ಕಥೆಯನ್ನು ಹದಿನಾರು ನಿಮಿಷಕ್ಕೆ ಇಳಿಸಿ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ತಂದ ಚಿದಾನಂದ ನಾಯ್ಕ್ ಅವರ ಹೆಸರನ್ನು ನಾನು ಎತ್ತಿದೆ. “ಅವರು ಎಂಬಿಬಿಎಸ್ ಅಣ್ಣ!” ಎಂದು ತಮ್ಮ ಗೆದ್ದವನಂತೆ ಕೂತ. ನಮ್ಮೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕಲಿತೇ ಗೋವಿಂದ ನಿಹಲಾನಿ 1962ರಲ್ಲಿ ಹೊರಬಿದ್ದರಲ್ಲ ಅಂದೆ. “ಅದು ಪಾಲಿಟೆಕ್ನಿಕ್ಕು. ಕೈಗೊಂದು ಕಸುಬು. ಇದು ಬಿ.ಎ.ನೋ, ಬಯಾಸ್ಕೋಪೋ?” ಅಂದ. ಫೀಸು ಮಾತ್ರ ಕೊನೇ ತಾರೀಖಿಗೆ ಮುಂಚೆಯೇ ಕಟ್ಟಿದ.

ಹುಡುಗಿಯ ಮೊದಲ ಕಿರುಚಿತ್ರಕ್ಕೆ ನಾನೇ ನಾಯಕ. ನಿವೃತ್ತ ಮುದುಕನೊಬ್ಬ ಇಡೀ ದಿನ ಪೋಸ್ಟ್‌ಮನ್‌ಗೆ ಕಾಯುತ್ತಾನೆ, ಪೋಸ್ಟ್‌ಮನ್ ಬರುವುದಿಲ್ಲ, ಕಥೆ ಮುಗಿಯಿತು. ನನಗೆ ನಟನೆ ಬರುವುದಿಲ್ಲ ಎಂದರೆ ‘ತಿಥಿ’ ಚಿತ್ರದ ಗಡ್ಡಪ್ಪನನ್ನು ತಂದು ನಿಲ್ಲಿಸಿದಳು. “ದೊಡ್ಡಪ್ಪ, ಅವರೇನು ಆ್ಯಕ್ಟಿಂಗ್ ಸ್ಕೂಲಿಗೆ ಹೋಗಿದ್ರಾ? ಮಂಡ್ಯದ ಹಳ್ಳಿಯವರು. ಸುಮ್ನೆ ನಡೆದ್ರು, ಸಿನಿಮಾ ಲೊಕಾರ್ನೋ ತನಕ ಹೋಗಿ ಪ್ರಶಸ್ತಿ ತಗೊಂಡು ಬಂತು. ನೀವು ನಡೆಯೋದೂ ಬೇಡ, ಕೂತ್ಕೊಳ್ಳಿ.”

ಕೂತೆ. ನಾಲ್ಕು ಜನ ಗೆಳೆಯರು ಬಂದು ನಮ್ಮ ಮನೆಯನ್ನು ಆಕ್ರಮಿಸಿದರು. ಬೀರುವಿನ ಉದ್ದನೆಯ ಕನ್ನಡಿಯನ್ನು ಕಳಚಿ ತಾರಸಿಗೆ ಹೊತ್ತೊಯ್ದು, ಬಿಸಿಲನ್ನು ಅಲ್ಲಿಂದ ಹಿಡಿದು ಕಿಟಕಿಯಲ್ಲಿದ್ದ ಥರ್ಮಾಕೋಲಿಗೆ ಹೊಡೆದು, ಅಲ್ಲಿಂದ ನನ್ನ ಎಡಗೆನ್ನೆಗೆ ಇಳಿಸಿದರು. ಹೆಂಡತಿ ಗೊಣಗಿದಳು. ಮೈಸೂರಿನ ವಿ.ಕೆ. ಮೂರ್ತಿಯವರೂ ಇದೇ ಎಸ್‌ಜೆ ಪಾಲಿಟೆಕ್ನಿಕ್ಕಿನಲ್ಲಿ ಕಲಿತವರೇ, 1959ರ ‘ಕಾಗಜ್ ಕೆ ಫೂಲ್’ನಲ್ಲಿ ಸ್ಟುಡಿಯೋದ ಕತ್ತಲೆಗೆ ಬಿಸಿಲುಕೋಲು ತಂದದ್ದು ಕನ್ನಡಿಯಿಂದಲೇ, ಛಾಯಾಗ್ರಾಹಕರೊಬ್ಬರಿಗೆ ಮೊದಲ ಸಲ ಫಾಲ್ಕೆ ಪ್ರಶಸ್ತಿ ಬಂದದ್ದೂ ಅವರಿಗೇ ಎಂದು ನಾನು ತಿಳಿಹೇಳಿದೆ. “ಅವರು ತಮ್ಮ ಮನೆ ಕನ್ನಡಿ ಕಿತ್ತಿದ್ರಾ?” ಅಂದಳು.

ಬೆಳಕು ಹೇಗೋ ಬಗ್ಗಿತು. ಬಗ್ಗದ್ದು ಶಬ್ದ. ಮಾತು ಮಾತಿನ ನಡುವಿನ ಖಾಲಿಯನ್ನು ಎಡಿಟಿಂಗ್‌ನಲ್ಲಿ ತುಂಬುವುದಕ್ಕೆ ಕೋಣೆಯ ಬರೀ ಮೌನವನ್ನೇ ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಬೇಕಂತೆ. ಅದಕ್ಕೆ ರೂಮ್ ಟೋನ್ ಎನ್ನುತ್ತಾರೆ. ಹಲಸೂರಿನಲ್ಲಿ ಒಂದು ನಿಮಿಷ ಮೌನ! ಫ್ಯಾನ್ ಆರಿಸಿದರು. ಫ್ರಿಜ್ ಆರಿಸಿದರು. ಆಮೇಲೆ ಹಾಕಲು ಮರೆಯಬಾರದೆಂದು ಸೌಂಡ್ ಹುಡುಗ ತನ್ನ ಗಾಡಿಯ ಕೀಲಿಯನ್ನೇ ಫ್ರಿಜ್ಜಿನಲ್ಲಿಟ್ಟ. ಇದು ಆ ಕಸುಬಿನವರ ಹಳೇ ಉಪಾಯವಂತೆ. ಎಲ್ಲರೂ ಉಸಿರು ಬಿಗಿಹಿಡಿದು ನಿಂತೆವು. ಸೋಮೇಶ್ವರನ ಗಂಟೆ. ನಿಲ್ಲಿಸು. ಮೇಲೆ ಮೆಟ್ರೋ. ನಿಲ್ಲಿಸು. ಮಸೀದಿಯ ಆಜಾನ್, ಅದು ಮುಗಿಯುವ ತನಕ ಕಾದೆವು. “ಮಲ್ಲಿಪೂ!” ಎಂದು ಹೂವಿನಾಕೆ. ಅವಳನ್ನು ಕೈಸನ್ನೆಯಲ್ಲಿ ನಿಲ್ಲಿಸಿದರೆ, ಮನೆಯಲ್ಲಿ ಯಾರೋ ಹೋದರೇನೋ ಎಂದು ಗಾಬರಿಯಾಗಿ ಇನ್ನೂ ಜೋರಾಗಿ “ಯಾರಮ್ಮಾ?” ಎಂದಳು. ಪಕ್ಕದ ಮನೆಯ ಕುಕ್ಕರ್ ಮೂರನೇ ವಿಷಲ್‌ಗೆ ಮುಗಿಯಿತು ಅಂದುಕೊಂಡೆವು. ಅವರು ಕಡಲೆಕಾಳು ಇಟ್ಟಿದ್ದರು. ಕೊನೆಗೆ ರಾತ್ರಿ ಎರಡು ಗಂಟೆಗೆ ಎದ್ದು ಆ ಒಂದು ನಿಮಿಷವನ್ನು ಹಿಡಿದರು. ಬೆಳಿಗ್ಗೆ ಕೇಳಿದರೆ ಅದರಲ್ಲಿ ನನ್ನ ಗೊರಕೆ. ಹುಡುಗಿ ಅದನ್ನು ತೆಗೆಯಲಿಲ್ಲ. “ಕ್ಯಾರೆಕ್ಟರ್‌ಗೆ ಸೆಟ್ ಆಗತ್ತೆ” ಅಂದಳು.

ಹೊರಾಂಗಣದ ಕಷ್ಟ ಇನ್ನೊಂದು ಥರ. ಮೊಬೈಲಿನಲ್ಲಿ ಇಡೀ ಮದುವೆ ತೆಗೆದರೂ ಈ ಊರು ಕೇಳುವುದಿಲ್ಲ. ಟ್ರೈಪಾಡಿನ ಮೂರು ಕಾಲು ನೆಲಕ್ಕೆ ತಾಗಿದರೆ ಎಲ್ಲಿಂದಲೋ ಒಂದು ವಿಷಲ್ ಓಡಿಬರುತ್ತದೆ. ರಸೆಲ್ ಮಾರ್ಕೆಟ್ಟಿನಲ್ಲಿ ಹಾಗಲ್ಲ. ಅಲ್ಲಿ ಎಲ್ಲರೂ ಸಹಾಯಕ ನಿರ್ದೇಶಕರೇ. ಹಣ್ಣಿನವರು “ಈ ಕಡೆ ಬನ್ನಿ ಮೇಡಂ, ಲೈಟ್ ಚೆನ್ನಾಗಿದೆ” ಎಂದು ಕರೆದು, ನನ್ನ ಕೈಗೊಂದು ಪಪಾಯ ಕೊಟ್ಟು, ನೆಟ್ಟಗೆ ಕ್ಯಾಮೆರಾವನ್ನೇ ನೋಡುತ್ತಾ ನಿಂತರು. ಇಡೀ ಸಾಲೇ ನೋಡಿತು. ನಟರಿಗೂ ಪ್ರೇಕ್ಷಕರಿಗೂ ನಡುವಿನ ‘ನಾಲ್ಕನೇ ಗೋಡೆ’ ಒಡೆದಿದ್ದಾಳೆ ಎಂದು ಕಾಲೇಜಿನಲ್ಲಿ ಅದಕ್ಕೇ ಹೆಚ್ಚು ಮಾರ್ಕ್ಸ್ ಕೊಟ್ಟರಂತೆ.

ದುಡ್ಡು? 2013ರ ‘ಲೂಸಿಯಾ’ಕ್ಕೆ ಪವನ್ ಕುಮಾರ್ ಪ್ರೇಕ್ಷಕರಿಂದಲೇ ಸುಮಾರು 50 ಲಕ್ಷ ರೂಪಾಯಿ ಕೂಡಿಸಿದರೆಂದು ಹುಡುಗಿ ಭಾಷಣ ಮಾಡಿದಳು. ನಮ್ಮಲ್ಲಿ ಕೂಡಿದ್ದು ನನ್ನ ಪೆನ್ಷನ್ನಿನ ಚೂರು, ಅವಳಮ್ಮನ ಚೀಟಿ ಹಣದ ಚೂರು. ಅದೆಲ್ಲ ಶಿವಾಜಿನಗರದ ಸಮೋಸ, ಚಹಾ ಮತ್ತು ಬಾಡಿಗೆ ಲೆನ್ಸಿಗೆ ಸರಿಹೋಯಿತು.

ಈ ನಡುವೆ ಒಂದು ಬೆಳಿಗ್ಗೆ ಅವಳು ಲಿಡೋ ಇದ್ದ ಜಾಗದ ಮಾಲ್‌ನಲ್ಲಿ ಸಿಕ್ಕಿಬಿದ್ದಳು. ನಾನು ಅಲ್ಲೇಕೆ ಹೋಗಿದ್ದೆ ಎಂಬುದು ಅಪ್ರಸ್ತುತ. ಕ್ಲಾಸಿನಲ್ಲಿ ಯಾವುದೋ ಮೂರು ಗಂಟೆಯ ರಷ್ಯನ್ ಚಿತ್ರವಂತೆ. ತಪ್ಪಿಸಿಕೊಂಡು ಗೆಳತಿಯರ ಜೊತೆ ಹೊಡೆದಾಟದ ಚಿತ್ರಕ್ಕೆ ಬಂದಿದ್ದಾಳೆ. ಪ್ಲಾಜಾ ಮೆಟ್ರೋ ನಿಲ್ದಾಣವಾಗಿದೆ, ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕಿತು. ಆದರೂ ಈ ಜಾಗದಲ್ಲಿ ಕಾಲೇಜು ತಪ್ಪಿಸಿದವರು ಕೂರುವುದಕ್ಕೆ ಕುರ್ಚಿಗಳಿವೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ ಎಂದು ಒಪ್ಪಂದ ಮಾಡಿಕೊಂಡೆವು. ಪಾಪ್‌ಕಾರ್ನ್ ಖರ್ಚು ನನ್ನದು.

ಕಾಲೇಜಿನ ಪ್ರದರ್ಶನಕ್ಕೆ ಮನೆಮಂದಿಯೆಲ್ಲ ಹೋದೆವು. ಹನ್ನೆರಡು ನಿಮಿಷ ನಾನು ಕೂತಿದ್ದೆ, ಪೋಸ್ಟ್‌ಮನ್ ಬರಲಿಲ್ಲ. ನನ್ನ ಹೆಂಡತಿಗೆ ಇಡೀ ಚಿತ್ರದಲ್ಲಿ ಕಂಡದ್ದು ಬೀರುವಿನ ಮೇಲಿನ ಧೂಳು ಮಾತ್ರ. ಅದನ್ನು ಒರೆಸಿ ಇನ್ನೊಮ್ಮೆ ತೆಗೆಯಲು ಸಾಧ್ಯವೇ ಎಂದು ಮೇಷ್ಟ್ರನ್ನೇ ಕೇಳಿದಳು. ತಮ್ಮ ಏನೂ ಅನ್ನಲಿಲ್ಲ. ದಾರಿಯುದ್ದಕ್ಕೂ ಮೆಟ್ರೋ ಕಿಟಕಿಯಿಂದ ಕೆ.ಆರ್. ಪುರಂನ ತೂಗುಸೇತುವೆ ನೋಡಿದ, ಬೈಯಪ್ಪನಹಳ್ಳಿ ನೋಡಿದ, ಇಂದಿರಾನಗರ ನೋಡಿದ. ಮನೆಗೆ ಬಂದು, ಲ್ಯಾಪ್‌ಟಾಪಿನಲ್ಲಿ ಕೊನೆಯ ಹೆಸರುಗಳನ್ನು ಹಾಕು ಅಂದ. ಹಾಕಿದಳು. ಇನ್ನೊಂದು ಸಲ ಹಾಕು ಅಂದ. ‘ನಿರ್ಮಾಪಕರು’ ಎಂಬಲ್ಲಿ ನಿಲ್ಲಿಸಿ, ಕನ್ನಡಕ ಏರಿಸಿ ತನ್ನ ಹೆಸರನ್ನು ಓದಿಕೊಂಡ.

“ಇನಿಷಿಯಲ್ ಬಿಟ್ಟಿದ್ದೀಯಲ್ಲೇ” ಅಂದ. “ಮುಂದಿನದರಲ್ಲಿ ಸರಿಯಾಗಿ ಹಾಕು.”