ತೂತಿನ ಕೊಡ

ಒಗ್ಗಟ್ಟನ್ನು ಆಟ ಆಡಿಸಿ ಕಲಿಸಬಹುದೆಂದು ನನ್ನ ಬಾಲ್ಯದಲ್ಲಿ ಯಾರಾದರೂ ಹೇಳಿದ್ದರೆ ನಮ್ಮ ಹಿರಿಯರು ನಕ್ಕುಬಿಡುತ್ತಿದ್ದರು. ಒಬ್ಬರ ಹೊಲಕ್ಕೆ ಮತ್ತೊಬ್ಬರು ಮುಯ್ಯಾಳಾಗಿ ಹೋಗಿ ಬರುತ್ತಿದ್ದ ಕಾಲದಲ್ಲಿ ಆ ಪಾಠವನ್ನು ಬೇರೆಯಾಗಿ ಹೇಳಬೇಕಾಗಿರಲಿಲ್ಲ. ಈಗ ಆ ವಿದ್ಯೆಗೂ ಪುಸ್ತಕವಾಗಿದೆ, ಶಿಬಿರವಾಗಿದೆ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ನನಗೆ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಸ್ವಸಹಾಯ ಸಂಘಗಳ ಹೆಂಗಸರಿಗೆ ಒಂದೊಂದು ದಿನ ಆ ಆಟಗಳನ್ನು ಆಡಿಸುವ ಕೆಲಸವು ಒದಗಿತು. ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಧೈರ್ಯವಾಗಿಯೇ ಹೊರಟೆನು.

ಚನ್ನಗಿರಿಯಲ್ಲಿ ಮೊದಲನೆಯ ಆಟವೇ ನಿಂತುಹೋಯಿತು. ಎಲ್ಲರೂ ಕೈಗೆ ಕೈ ಹೆಣೆದುಕೊಂಡು ಗಂಟಾಗಬೇಕು, ಕೈ ಬಿಡದೆ ಬಿಡಿಸಿಕೊಳ್ಳಬೇಕು. ಸಂಘದ ಲೆಕ್ಕ ಬರೆಯಲು ಬಂದಿದ್ದ ಗಂಡಸರೂ ಕೆಲವರಿದ್ದುದರಿಂದ ಯಾರೂ ಕೈ ಚಾಚಲಿಲ್ಲ. ನಾನು ಪೇಚಾಡುತ್ತಿರುವಾಗ ಒಬ್ಬಾಕೆ, “ನಡುವೆ ಒಂದೊಂದು ಟವಲು ಹಿಡಿದರೆ ಆಗದೇನು, ಮೇಷ್ಟ್ರೇ?” ಎಂದರು. ಆಯಿತು, ಗಂಟೂ ಬಿದ್ದಿತು, ಬಿಡಿಸಿಯೂ ಹೋಯಿತು.

ಹೊನ್ನಾಳಿಯಲ್ಲಿ ಮಳೆ. ಅಂಗಳವೆಲ್ಲ ಕೆಸರು. ಉದ್ದನೆಯ ಬಿದಿರುಕೋಲೊಂದನ್ನು ಎಲ್ಲರೂ ಒಂದೊಂದು ಬೆರಳಿನ ಮೇಲೆ ಹೊತ್ತು ನೆಲಕ್ಕಿಳಿಸುವ ಆಟವನ್ನು ಜಗಲಿಯಲ್ಲಿ ಕುಳಿತೇ ಆಡಿದೆವು. ಮೊಳಕಾಲು ನೋವಿನ ಅಜ್ಜಿಯೊಬ್ಬರಿಗೂ ಸ್ಥಳವಾಯಿತು. ಇಳಿಸಹೊರಟ ಕೋಲು ಮೇಲಕ್ಕೇರಿತು. ತನ್ನ ಬೆರಳು ಎಲ್ಲಿ ತಪ್ಪುವುದೋ ಎಂಬ ಭಯದಿಂದ ಪ್ರತಿಯೊಬ್ಬರೂ ತುಸು ಮೇಲಕ್ಕೊತ್ತುವುದೇ ಇದರ ರಹಸ್ಯ. ನ್ಯಾಮತಿಯಲ್ಲಿ ಮೂರು ಗಂಟೆಯ ಬಸ್ಸಿಗೆ ಅರ್ಧ ಜನ ಹೊರಡಬೇಕಾಗಿತ್ತು. ಅಲ್ಲಿ ನಾಲ್ಕು ಆಟಗಳನ್ನು ಒಂದಕ್ಕೆ ಇಳಿಸಿದೆನು; ಆಟವಾದಮೇಲಿನ ಮಾತುಕತೆಯನ್ನು ಮಾತ್ರ ಇಳಿಸಲಿಲ್ಲ. ಆಟವನ್ನು ಮೊಟಕುಮಾಡಬಹುದು, ಮಾತನ್ನು ಮೊಟಕುಮಾಡಿದರೆ ಉಳಿಯುವುದು ಬರಿಯ ನಗೆ.

ಇಷ್ಟೆಲ್ಲ ಕಲಿತವನು ಜಗಳೂರಿನಲ್ಲಿ ಎಡವಿದೆನು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಜಿಲ್ಲೆ ಒಂದಾದರೂ ಆಕಾಶ ಒಂದಾಗಲಿಲ್ಲ. ಅತ್ತ ಸೂಳೆಕೆರೆ, ತುಂಗಭದ್ರೆ. ಇತ್ತ ಬರಕ್ಕೆ ಹೆಸರಾದ ಸೀಮೆ. ಇದನ್ನು ಬಲ್ಲವನಾಗಿದ್ದೂ, ತೂತುಗಳುಳ್ಳ ಕೊಡವನ್ನು ಕೆಲವರು ಬೆರಳಿನಿಂದ ಮುಚ್ಚಿಕೊಂಡಿರುವಾಗ ಉಳಿದವರು ನೀರು ಸುರಿದು ತುಂಬಿಸುವ ಆಟವನ್ನು ಹೂಡಿದೆನು. ಅರ್ಧ ಕೊಡ ನೀರು ನೆಲಕ್ಕೆ ಹೋಯಿತು. ಯಾರೂ ನಗಲಿಲ್ಲ. ನೀರು ತಂದಿಟ್ಟಿದ್ದ ಹೆಂಗಸು ಮುಂದೆ ಬಂದು, “ಈ ಎರಡು ಕೊಡಕ್ಕೆ ಬೆಳಗಾಗೋಕೆ ಮುಂಚೆ ಸಾಲಿನಲ್ಲಿ ನಿಂತಿದ್ದೆ. ಇದನ್ನ ಚೆಲ್ಲಿ ನಮಗೆ ಏನು ಕಲಿಸ್ತೀರಿ, ಮೇಷ್ಟ್ರೇ?” ಎಂದರು.

ನನಗೆ ಉತ್ತರವಿರಲಿಲ್ಲ. ತಪ್ಪಾಯಿತೆಂದು ಕೈಮುಗಿದೆನು. ಆಕೆಯೇ ಒಳಗಿನಿಂದ ಮೊರದ ತುಂಬ ಮೆಕ್ಕೆಜೋಳವನ್ನು ತಂದು, “ಇದು ಚೆಲ್ಲಿದರೆ ಆರಿಸಿಕೊಳ್ಳಬಹುದು” ಎಂದರು. ತೂತುಗಳನ್ನು ಕೊಂಚ ದೊಡ್ಡದು ಮಾಡಿ ಜೋಳದಿಂದಲೇ ಆಡಿದೆವು. ಆಟ ಮುಗಿದು, ನಿಮ್ಮ ಸಂಘದ ತೂತು ಎಲ್ಲಿದೆಯೆಂದು ಕೇಳಿದಾಗ, ಹಿಂದೆ ಕುಳಿತಿದ್ದ ಒಬ್ಬ ತರುಣಿ, ಗಂಡನ ಔಷಧಕ್ಕೆ ಹಣ ಹೋಗಿ ಎರಡು ಕಂತು ಕಟ್ಟಲಾಗದೆ, ನಾಚಿಕೆಯಿಂದ ಸಭೆಗೂ ಬಾರದಿದ್ದುದನ್ನು ತಾನಾಗಿ ಹೇಳಿದಳು. ಯಾರೂ ಗದರಲಿಲ್ಲ. ನೀರಿನ ಹೆಂಗಸು, “ಮೊದಲೇ ಹೇಳಿದ್ದರೆ ಬೆರಳಿಡುತ್ತಿದ್ದೆವಲ್ಲೇ” ಎಂದರು.

ಇಂತಹ ಶಿಕ್ಷಣಕ್ಕೆ ಹೆಸರುವಾಸಿಯಾದ ಶಾಲೆಯೊಂದನ್ನು ಕುರ್ಟ್ ಹಾನ್ ಎಂಬ ಶಿಕ್ಷಕರು ಮತ್ತೊಬ್ಬರೊಡನೆ ಸೇರಿ 1941ರಲ್ಲಿ ವೇಲ್ಸಿನ ಅಬರ್‌ಡವಿಯಲ್ಲಿ ತೆರೆದರು. ಯುದ್ಧಕಾಲದ ಎಳೆಯ ನಾವಿಕರನ್ನು ಗಟ್ಟಿಗೊಳಿಸುವುದು ಅದರ ಉದ್ದೇಶ. ಎದುರಿಗೆ ಕಡಲಿತ್ತು, ಆದಕಾರಣ ಕಡಲೇ ಅಲ್ಲಿ ಗುರುವಾಯಿತು. ಅವರಿಂದ ನಾವು ಕಡಲನ್ನು ಕಡ ತರಬೇಕಾಗಿಲ್ಲ. ಎದುರಿಗಿರುವುದರಿಂದ ಕಲಿಯುವ ಬುದ್ಧಿಯನ್ನು ತಂದರೆ ಸಾಕು. ಜಡೆಕೋಲಾಟದಲ್ಲಿ ಒಬ್ಬನ ಹೆಜ್ಜೆ ತಪ್ಪಿದರೆ ಹಗ್ಗದ ಹೆಣಿಗೆಯೆಲ್ಲ ಸಿಕ್ಕಾಗುವುದನ್ನು ಕಂಡವರಿಗೆ ಇದು ಹೊಸ ಮಾತೇನೂ ಅಲ್ಲ.

ಆ ಪುಸ್ತಕವು ಈಗಲೂ ನನ್ನ ಚೀಲದಲ್ಲಿದೆ. ನೀರಿನ ಆಟದ ಪುಟದ ಅಂಚಿನಲ್ಲಿ “ಮೊದಲು ನೀರು ಯಾರು ತಂದರೆಂದು ಕೇಳತಕ್ಕದ್ದು” ಎಂದು ಬರೆದುಕೊಂಡಿದ್ದೇನೆ.