ನಾಲ್ಕನೇ ಜ್ವರಕ್ಕೆ ಇಂಗ್ಲಿಷಲ್ಲಿ ಏನಂತಾರೆ?

ನಮ್ಮ ರೂಮಲ್ಲಿ ನಾಲ್ಕು ಜನ: ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಹಾಸ್ಟೆಲಲ್ಲಿ ನಮ್ಮನ್ನ ಕರೆಯೋದೇ ಊರ ಹೆಸರಲ್ಲಿ, ಇಲ್ಲೂ ಹಾಗೇ ಇರಲಿ. ಐದನೇ ಸೆಮಿಸ್ಟರ್‌ನಿಂದ ನಾವು ಆನ್‌ಲೈನಲ್ಲಿ ಜಪಾನಿನವರಿಗೆ ಇಂಗ್ಲಿಷ್ ಮಾತಾಡೋದು ಹೇಳಿಕೊಡ್ತಿದ್ದೇವೆ. ನಗಬೇಡಿ. ಮೊದಲ ವರ್ಷದ ವೈವಾದಲ್ಲಿ ಇಂಗ್ಲಿಷ್ ಬಾರದೆ ಬೆವರಿದವರೂ ನಾವೇ.

ಅವರಿಗೆ ರಾತ್ರಿ ಒಂಬತ್ತು ಅಂದ್ರೆ ನಮಗೆ ಸಂಜೆ ಐದೂವರೆ. ಲ್ಯಾಬ್ ಮುಗಿಸಿ ಓಡಿ ಬಂದು, ಇರೋ ಒಂದೇ ಒಳ್ಳೆ ಹೆಡ್‌ಸೆಟ್‌ಗೆ ಪಾಳಿ ಹಚ್ಚಿಕೊಂಡು ಕೂರ್ತೇವೆ. ಬರೋ ದುಡ್ಡು ಮೆಸ್ ಬಿಲ್‌ಗೆ ಆಗುತ್ತೆ.

ಶುರುವಿನಲ್ಲೇ ಒಂದು ಸುಳ್ಳು ಹೇಳಿದ್ವಿ. ಪ್ರೊಫೈಲಲ್ಲಿ ನಾಲ್ವರೂ "ಬೆಂಗಳೂರು, ಚಿಕ್ಕಂದಿನಿಂದ ಇಂಗ್ಲಿಷ್ ಮೀಡಿಯಂ" ಅಂತ ಬರೆದುಕೊಂಡ್ವಿ. ನಿಜವಾಗಿ ಎಲ್ಲರದೂ ಕನ್ನಡ ಮೀಡಿಯಂ. ಚಿಂತಾಮಣಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಮೂರನೇದು. ಯೂಟ್ಯೂಬ್ ನೋಡಿ ಅಮೆರಿಕದವರ ಥರ ನಾಲಿಗೆ ತಿರುಗಿಸಿದ್ದೂ ಆಯ್ತು. ಒಬ್ಬರು ಹತ್ತು ನಿಮಿಷ ಕೇಳಿಸಿಕೊಂಡು, ತುಂಬ ನಯವಾಗಿ ತಲೆಬಾಗಿ ಹೋದವರು ಮತ್ತೆ ಬರಲೇ ಇಲ್ಲ.

ಆದ್ರೆ ಉಳಿದವರ ತಪ್ಪುಗಳು ನಮಗೆ ಹಳೇ ನೆಂಟರ ಹಾಗೆ ಕಾಣೋಕೆ ಶುರುವಾದವು. ನಾವು ಬಸ್ಸು ಅಂತೀವಿ, ಅವರು ಬಸು. ನಾವು ಡೆಸ್ಕು, ಅವರು ಡೆಸುಕು. ಅವರ ವಾಕ್ಯದಲ್ಲೂ ಕ್ರಿಯಾಪದ ಕೊನೆಗೇ ಬರುತ್ತೆ. 'ಎ', 'ದ' ಅನ್ನೋವು ಅವರ ಭಾಷೆಯಲ್ಲೂ ಇಲ್ಲ. ಅದಕ್ಕೆ ನಾವು ಒಂಬತ್ತನೇ ಕ್ಲಾಸಲ್ಲಿ ಕಲಿತ ಉಪಾಯವನ್ನೇ ಹೇಳಿಕೊಟ್ವಿ. ಅಜ್ಜಿ ಕಥೆ ನೆನಪಿಸಿಕೊಳ್ಳಿ: ಒಂದೂರಲ್ಲಿ ಒಬ್ಬ ರಾಜ, ಆ ರಾಜನಿಗೆ ಇಬ್ಬರು ಮಕ್ಕಳು. 'ಒಬ್ಬ' ಅನ್ನೋ ಕಡೆ 'ಎ', 'ಆ' ಅನ್ನೋ ಕಡೆ 'ದ'. ಎಲ್ಲ ಕಡೆ ನಡೆಯಲ್ಲ, ಆದ್ರೆ ಅರ್ಧ ದಾರಿ ಸಾಗುತ್ತೆ. ಜಪಾನಿ ಅಜ್ಜಿಯರ ಕಥೆಗಳೂ ಹೀಗೇ ಶುರುವಾಗ್ತವಂತೆ.

ಶಿಡ್ಲಘಟ್ಟನ ಹತ್ರ ಕಲಿಯೋರಲ್ಲಿ ಗುನ್ಮಾ ಪ್ರಾಂತ್ಯದ ಒಬ್ಬ ಹಿರಿಯ ಮಹಿಳೆ ಇದ್ದಾರೆ. ಅಲ್ಲಿನ ತೊಮಿಯೋಕದಲ್ಲಿ 1872ರಲ್ಲಿ ಶುರುವಾದ ರೇಷ್ಮೆ ನೂಲಿನ ಕಾರ್ಖಾನೆ ಇದೆ, 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ನೋಡೋಕೆ ಬರೋ ವಿದೇಶಿಯರ ಹತ್ರ ಮಾತಾಡಬೇಕು ಅಂತ ಅವರಿಗೆ ಆಸೆ.

ಒಂದು ಭಾನುವಾರ ಅವನು ಊರಲ್ಲಿದ್ದ, ಕ್ಲಾಸನ್ನ ಮನೆಯಿಂದಲೇ ತಗೊಂಡ. ಪಕ್ಕದ ಕೋಣೆಯಲ್ಲಿ ನಾಲ್ಕನೇ ಜ್ವರ ಎದ್ದ ಹುಳ, ಸೊಪ್ಪು ಮೇಯೋ ಸದ್ದು. "ಬೆಂಗಳೂರಲ್ಲಿ ಮಳೆಯಾ?" ಅಂತ ಅವರು ಕೇಳಿದ್ರು. ಹೌದು ಅಂದಿದ್ರೆ ಮುಗೀತಿತ್ತು. ಇವನಿಗೆ ಯಾಕೋ ಬಾಯಿ ಬರಲಿಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ತಟ್ಟೆಗಳನ್ನ ತೋರಿಸಿಬಿಟ್ಟ. ಊರು ಬೆಂಗಳೂರಲ್ಲ ಅಂತಲೂ ಹೇಳಿದ.

ಅವರು ಬೈಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು "ಒಕಾಯ್ಕೊಸಾಮಾ" ಅಂದ್ರು. ಹುಳಕ್ಕೆ ಅಲ್ಲಿ ಹಾಗೆ ಬಹುವಚನ ಕೊಟ್ಟು ಕರೀತಾರಂತೆ, ರೇಷ್ಮೆಹುಳು ಅವರು ಅನ್ನೋ ಥರ. ಅವರ ಅಜ್ಜಿ ಮನೆ ಅಟ್ಟದಲ್ಲೂ ಇದೇ ಸದ್ದು ಇತ್ತಂತೆ.

ಆಮೇಲೆ ನಾಲ್ಕನೇ ಜ್ವರ ಅಂದ್ರೆ ಏನು ಅಂತ ವಿವರಿಸೋಕೆ ಹೋಗಿ ಇವನು "ಫೋರ್ತ್ ಫೀವರ್" ಅಂದ. ಅವರು ಗಾಬರಿಯಾಗಿ "ಔಷಧಿ ಕೊಟ್ರಾ?" ಅಂದ್ರು. ಹುಳ ಮೇವು ಬಿಟ್ಟು ತಲೆ ಎತ್ತಿ ಕೂತು ಪೊರೆ ಬಿಡೋದಕ್ಕೆ ನಾವು ಜ್ವರ ಅಂತೀವಿ, ಅವರು ನಿದ್ದೆ ಅಂತಾರೆ. ಇಂಗ್ಲಿಷ್ ಪದ 'ಮೋಲ್ಟ್' ಇಬ್ಬರಿಗೂ ಗೊತ್ತಿರಲಿಲ್ಲ, ಗೂಗಲಲ್ಲಿ ಹುಡುಕಿ ಒಟ್ಟಿಗೆ ಕಲಿತ್ರು.

ಇವನ ಮನೆಯಲ್ಲಿ ಬೆಳೆಯೋದು ದ್ವಿತಳಿ. 1991ರಿಂದ ಮೈಸೂರಿನ ಕೇಂದ್ರದವರ ಜೊತೆ ಜಪಾನಿನ ತಜ್ಞರು ಕೂತು ಕೆಲಸ ಮಾಡಿದ ಮೇಲೆ ನಮ್ಮ ರೈತರಲ್ಲಿ ಹರಡಿದ್ದು. ಅದನ್ನ ಹೇಳಿದಾಗ ಅವರಿಗಿಂತ ನಮಗೇ ಹೆಚ್ಚು ಆಶ್ಚರ್ಯ.

ಆ ರಾತ್ರಿ ರೂಮಲ್ಲಿ ಜಗಳ. ಗೌರಿಬಿದನೂರು "ಪ್ರೊಫೈಲ್ ಬದಲಾಯಿಸೋಣ. ಎಚ್. ನರಸಿಂಹಯ್ಯನವರು ನಮ್ಮ ಹೊಸೂರಿಂದ ಅಮೆರಿಕಕ್ಕೆ ಹೋಗಿ ಪಿಎಚ್.ಡಿ. ಮಾಡಲಿಲ್ವಾ?" ಅಂದ. "ಅವರಿಗೆ ರೇಟಿಂಗ್ ಇರಲಿಲ್ಲಪ್ಪ" ಅಂತ ಚಿಕ್ಕಬಳ್ಳಾಪುರ. ಮೂವರು ಬದಲಾಯಿಸಿದ್ವಿ, ಅವನು ಇನ್ನೂ ಬೆಂಗಳೂರಲ್ಲೇ ಇದ್ದಾನೆ. ನಮ್ಮ ಹತ್ರ ಹೊಸಬರು ಕಡಿಮೆಯಾಗಿದ್ದಾರೆ, ಸುಳ್ಳು ಹೇಳಲ್ಲ.

ಶಿಡ್ಲಘಟ್ಟನ ಅಪ್ಪ ಈಗ ವಾರಕ್ಕೊಮ್ಮೆ ಫೋನ್ ಮಾಡ್ತಾರೆ. "ಆಯಮ್ಮನ್ನ ಕೇಳೋ, ಅವರಜ್ಜಿ ದಿನಕ್ಕೆ ಎಷ್ಟು ಸಲ ಸೊಪ್ಪು ಹಾಕ್ತಿದ್ರು ಅಂತ." ಮಂಗಳವಾರ ಕ್ಲಾಸಿದೆ, ಕೇಳಬೇಕು.