ಸಹಧರ್ಮದ ಮೊದಲ ಹೆಜ್ಜೆ

ವಿವಾಹಸಂಸ್ಕಾರದ ಸಪ್ತಪದಿಯಲ್ಲಿ ಮೊದಲನೆಯ ಹೆಜ್ಜೆಯು ಅನ್ನಕ್ಕಾಗಿ, ಎರಡನೆಯದು ಬಲಕ್ಕಾಗಿ. ಸಖ್ಯದ ಮಾತು ಬರುವುದು ಏಳನೆಯದರಲ್ಲಿ. ಈ ಕ್ರಮದಲ್ಲಿ ದೊಡ್ಡ ಲೋಕಾನುಭವವಿದೆ. ಒಬ್ಬರ ಭಾರವನ್ನು ಮತ್ತೊಬ್ಬರು ಹೊರಬೇಕಾದರೆ ಹೊರುವ ಹೆಗಲಿಗೆ ಮೊದಲು ಅನ್ನಬಲಗಳು ಬೇಕು. ಪ್ರೀತಿಯ ಆವೇಗದಲ್ಲಿ ಜನರು ಇದನ್ನು ಮರೆಯುವುದುಂಟು.

ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿ ಕಾರಖಾನೆಯ ಕೆಲಸದಿಂದ ನಿವೃತ್ತರಾದ ಗೃಹಸ್ಥರೊಬ್ಬರಿದ್ದಾರೆ. ಅವರಿಗೆ ಬಹುಕಾಲದ ಮಧುಮೇಹ. ದಿನಕ್ಕೆರಡು ಸಲ ಇನ್ಸುಲಿನ್ ಸೂಜಿ. ಸೂಜಿಯ ವೇಳೆಯನ್ನೂ ಊಟದ ವೇಳೆಯನ್ನೂ ನೆನಪಿಟ್ಟು ನಡೆಯಿಸುತ್ತಿದ್ದವರು ಅವರ ಪತ್ನಿ. ಆ ಪತ್ನಿಗೇ ತಲೆನೋವು, ಮುಂಜಾನೆಯ ವಾಂತಿ, ಬಲಗೈಯ ನಿತ್ರಾಣ ತೋರಿಬಂದವು. ಸ್ಕ್ಯಾನಿಂಗ್ ಮಾಡಿಸಲಾಗಿ ಮೆದುಳಿನ ಹೊದಿಕೆಯ ಎಡಭಾಗದಲ್ಲಿ ಗಡ್ಡೆಯು ಕಂಡಿತು. ಮೆನಿಂಜಿಯೋಮಾ ಎಂಬ ಈ ಗಡ್ಡೆಯು ಬಹುಮಟ್ಟಿಗೆ ಕ್ಯಾನ್ಸರಿನ ಸ್ವಭಾವದ್ದಲ್ಲ, ಮೆಲ್ಲನೆ ಬೆಳೆಯತಕ್ಕದ್ದು. ಆದರೂ ಬುರುಡೆಯೊಳಗೆ ಬೇರೆ ಎಡೆಯಿಲ್ಲದುದರಿಂದ ಮೆದುಳನ್ನೇ ಒತ್ತುವುದು.

ನಮ್ಮ ದೇಶದಲ್ಲಿ ಈ ಶಸ್ತ್ರವಿದ್ಯೆಯು ಹಳೆಯದಲ್ಲ. ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿಯವರು ಇದಕ್ಕೆ ಪ್ರತ್ಯೇಕ ವಿಭಾಗವನ್ನು ತೆರೆದುದು 1949ರಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1974ರಲ್ಲಿ ರೂಪುಗೊಂಡಾಗ ಮೆದುಳಿನ ಶಸ್ತ್ರವೈದ್ಯರಾದ ಡಾ. ಆರ್. ಮಾರ್ತಾಂಡ ವರ್ಮರೇ ಅದರ ಮೊದಲ ನಿರ್ದೇಶಕರಾದರು. ಅಜ್ಜಂದಿರ ಕಾಲಕ್ಕೆ ಇಲ್ಲದಿದ್ದ ಆಶೆಯನ್ನು ಕಟ್ಟಿಕೊಂಡು ದಂಪತಿಗಳು ಹರಿಹರದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದರು.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಯಜಮಾನರು ಉಪವಾಸದ ಸಂಕಲ್ಪ ಮಾಡಿದರು. ಸಂಜೆಯ ಸೂಜಿಯನ್ನು ರೂಢಿಯಂತೆ ಚುಚ್ಚಿಕೊಂಡರು. ಊಟವನ್ನು ಮಾತ್ರ ಬಿಟ್ಟು ಪತ್ನಿಯ ಹಾಸಿಗೆಯ ಬಳಿ ಬಂದು ಕುಳಿತರು. ಸ್ವಲ್ಪ ಹೊತ್ತಿನಲ್ಲಿ ಮೈಯೆಲ್ಲ ಬೆವೆತು ಕೈ ನಡುಗಿ ಮಾತು ತೊದಲತೊಡಗಿತು. ದಾದಿಯು ಬೆರಳಿನ ರಕ್ತವನ್ನು ಪರೀಕ್ಷಿಸಿ ಕೂಡಲೇ ಸಕ್ಕರೆನೀರು ಕುಡಿಸಿದಳು. ಚೇತರಿಸಿಕೊಂಡ ಮೇಲೆ ಪತ್ನಿಯು ಅಂದರು: “ಉಪವಾಸ ಇರು ಅಂತ ನನಗ ಡಾಕ್ಟರು ಹೇಳ್ಯಾರ. ನಿಮಗ ಯಾರು ಹೇಳ್ಯಾರ್ರೀ? ಹೊತ್ತಿಗೆ ಸರಿಯಾಗಿ ಉಣ್ಣತೀನಿ ಅನ್ರಿ, ಅಂದ್ರ ನಾ ನಿಶ್ಚಿಂತಿಯಿಂದ ಒಳಗ ಹೋಗ್ತೀನಿ.”

ಮರುದಿನ ಬಾಗಿಲು ಆರು ತಾಸು ಮುಚ್ಚಿತ್ತು. ಯಜಮಾನರು ವೇಳೆಗೆ ಸರಿಯಾಗಿ ಎರಡು ರೊಟ್ಟಿ ತಿಂದರು. ರುಚಿ ಹತ್ತಲಿಲ್ಲ, ಕೊಟ್ಟ ಮಾತಿಗಾಗಿ ನುಂಗಿದರು. ರಾತ್ರಿಯ ಕಾವಲನ್ನು ಮಗಳಿಗೊಪ್ಪಿಸಿ ಮಲಗಿದರು. ಆ ಊಟಕ್ಕಿಂತ ಈ ನಿದ್ರೆಯೇ ಅವರಿಗೆ ಕಠಿನವಾಯಿತು.

ಮನೆಗೆ ಮರಳಿದ ಬಳಿಕ ಸೇವೆಯು ತಿಂಗಳುಗಟ್ಟಲೆ ಸಾಗಿತು. ಪತ್ನಿಗೆ ಫಿಟ್ಸ್ ಬಾರದಂತೆ ಕೊಟ್ಟ ಗುಳಿಗೆಗಳು, ಯಜಮಾನರ ಸೂಜಿ, ಇಬ್ಬರ ಊಟ, ಎಲ್ಲವನ್ನೂ ಒಂದೇ ಕಾಗದದ ಮೇಲೆ ಬರೆದು ಅಡಿಗೆಮನೆಯ ಗೋಡೆಗೆ ಹಚ್ಚಿದರು. ಬಲಗೈಗೆ ಶಕ್ತಿಯು ಮೆಲ್ಲಮೆಲ್ಲನೆ ಬಂದಿತು; ಕೆಲವು ಹೆಸರುಗಳು ಈಗಲೂ ತಡವಾಗಿ ನೆನಪಾಗುವುವು.

ಸೇವೆಗೆ ನಿಂತವರ ಆರೋಗ್ಯದಲ್ಲಿ ರೋಗಿಗೂ ಪಾಲುಂಟು. ಅದನ್ನು ಕಾಯುವುದು ಸ್ವಾರ್ಥವೆಂದು ತಿಳಿದವರು ಸಪ್ತಪದಿಯನ್ನು ಏಳನೆಯ ಹೆಜ್ಜೆಯಿಂದ ಎಣಿಸಹತ್ತಿದವರು.